ಸೀರೆಯ ಗ್ರಾಫಿನಲ್ಲಿ ಬರೆದ ವಿಮಾನ

ಓಬಳೇಶನ ವಿಮಾನ ಬಿದ್ದದ್ದು ನನ್ನ ತಪ್ಪಿನಿಂದ, ಅವನ ತಪ್ಪಿನಿಂದಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನಡುವೆ ಎಲ್ಲೋ ಒಂದು ಕಡೆ ನಾನು ಮತ್ತೆ ನುಣುಚಿಕೊಳ್ಳುತ್ತೇನೆ — ನನ್ನನ್ನು ನಾನು ಚೆನ್ನಾಗಿ ಬಲ್ಲೆ. ತಪ್ಪಾದದ್ದು ಒಂದು ಕಡೆ ಇರಲಿ, ತಪ್ಪು ಯಾರಿಂದಲೂ ಆಗುತ್ತದೆ. ಅದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಕೊನೆಗೆ ಹತ್ತಾರು ಜನರ ಮುಂದೆ ಅದನ್ನು ಅವನ ತಲೆಗೇ ಕಟ್ಟಿದೆ. ಇದು ತೊಂಬತ್ತರ ದಶಕದ ಕೊನೆಯಲ್ಲಿ ನಡೆದದ್ದು. ಈಗ ನನಗೆ ಅರವತ್ತು ದಾಟಿದೆ.

ನಾನು ಮೊಳಕಾಲ್ಮೂರಿನವನು. ಹೆಸರು ರಂಗನಾಥ, ಆದರೆ ಊರಿನಲ್ಲಿ ಗ್ರಾಫ್ ರಂಗಣ್ಣ ಅಂತ ಕೇಳಿದರೇನೇ ಮನೆ ತೋರಿಸುತ್ತಿದ್ದರು. ರೇಷ್ಮೆ ಸೀರೆಯ ಅಂಚಿನಲ್ಲಿ ಬರುವ ಹಂಸ, ನವಿಲು, ಗೋಪುರ ಇವನ್ನೆಲ್ಲ ಮಗ್ಗ ತಾನಾಗಿ ನೇಯುವುದಿಲ್ಲ. ಮೊದಲು ಯಾರಾದರೂ ಅದನ್ನು ಗ್ರಾಫ್ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಬರೆಯಬೇಕು. ಒಂದು ಮನೆ ಅಂದರೆ ಒಂದು ಎಳೆ. ಆ ಗ್ರಾಫ್ ನೋಡಿ ರಟ್ಟಿಗೆ ತೂತು ಹೊಡೆಯುತ್ತಾರೆ. ಆ ರಟ್ಟುಗಳ ಸಾಲು ಮಗ್ಗದ ಮೇಲೆ ತಿರುಗಿದ ಹಾಗೆ ಹಂಸ ಮೂಡುತ್ತದೆ. ನಮ್ಮಪ್ಪ ಮಾಡಿದ್ದು ಇದೇ ಕೆಲಸ, ನಾನು ಮಾಡಿದ್ದೂ ಇದೇ. ಬೆಂಕಿಪೊಟ್ಟಣದ ಮೇಲಿನ ಚಿತ್ರ ಕೊಟ್ಟರೂ ಸೆರಗಿನ ತುಂಬ ಬರುವ ಹಾಗೆ ದೊಡ್ಡದು ಮಾಡಿ ಕೊಡುತ್ತಿದ್ದೆ. ಒಂದು ಎಳೆ ಆಚೀಚೆ ಆಗುತ್ತಿರಲಿಲ್ಲ — ಹಾಗಂತ ಊರು ಹೇಳುತ್ತಿತ್ತು, ನಾನು ನಂಬಿದ್ದೆ.

ಓಬಳೇಶ ಚಳ್ಳಕೆರೆಯವನು. ಅಲ್ಲಿ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಅವನ ಕಡೆಯವರು ಕುರಿ ಕಾಯುತ್ತಿದ್ದ ಜನ. ಅಪ್ಪ ಬೇಗ ತೀರಿಕೊಂಡ ಮೇಲೆ ಅವ್ವ ಬೋರಮ್ಮ ಕುರಿ ಮಾರಿ ಇವನನ್ನು ಐಟಿಐ ಓದಿಸಿದ್ದಳು. ನಮ್ಮ ಪಕ್ಕದ ಮನೆಯ ಮಗ್ಗ ಕೆಟ್ಟಾಗ ಯಾರೋ ಅವನನ್ನು ಕರೆತಂದಿದ್ದರು. ಅಂಥ ಮಗ್ಗವನ್ನು ಅದಕ್ಕೆ ಮುಂಚೆ ಅವನು ಕಣ್ಣಲ್ಲಿ ನೋಡಿರಲಿಲ್ಲ. ಅರ್ಧ ಗಂಟೆ ಅದರ ಕೆಳಗೆ ಅಂಗಾತ ಮಲಗಿ ನೋಡಿದ, ಆಮೇಲೆ ಎದ್ದು ಒಂದು ಕೊಕ್ಕೆ ಅರದಿಂದ ಉಜ್ಜಿ ಹಾಕಿದ, ಮಗ್ಗ ನಡೆಯಿತು. ನಮ್ಮ ಗೆಳೆತನ ಅಂದಿನಿಂದ. ಅಂಥ ಕೈ ಅವನದು. ಇದನ್ನು ನಾನು ಈಗ ಪಶ್ಚಾತ್ತಾಪಕ್ಕೆ ಹೇಳುತ್ತಿಲ್ಲ, ಆವಾಗಲೂ ಹೇಳುತ್ತಿದ್ದೆ — ಒಂದು ದಿನ ಬಿಟ್ಟು.

ಅವನಿಗೆ ವಿಮಾನದ ಹುಚ್ಚು. ಕೂತು ಹಾರುವ ವಿಮಾನವಲ್ಲ, ಹಗುರ ಕಟ್ಟಿಗೆಯಲ್ಲಿ ಕಟ್ಟಿ, ಚಿಕ್ಕ ಎಂಜಿನ್ ಕೂರಿಸಿ ಹಾರಿಸುವ ಮಾಡೆಲ್ ವಿಮಾನ. ಬೆಂಗಳೂರಿನ ಗುಜರಿಯಲ್ಲಿ ಅವನಿಗೊಂದು ಎರಡೂವರೆ ಸಿ.ಸಿ.ಯ ಪುಟ್ಟ ಡೀಸೆಲ್ ಎಂಜಿನ್ ಸಿಕ್ಕಿತ್ತು, ಹಿಡಿದುಕೊಂಡು ಜಾಮ್ ಆಗಿದ್ದದ್ದು. ಹಿಡಿಯೊಳಗೆ ಮುಚ್ಚಿ ಹೋಗುವಷ್ಟು ಚಿಕ್ಕದು. ಅದನ್ನು ಬಿಚ್ಚಿ, ಪಿಸ್ಟನ್ ಉಜ್ಜಿ, ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಕುಡಿಸಿ ಓಡುವ ಹಾಗೆ ಮಾಡಿದ್ದ. ಹರಳೆಣ್ಣೆಗೆ ಚಳ್ಳಕೆರೆಯಲ್ಲಿ ಬರವೇ? ಮಿಲ್ಲಿನ ಹಿಂದೆ ಅದನ್ನು ಓಡಿಸಿದರೆ ಸಾವಿರ ಕಣಜ ಸೇರಿದ ಹಾಗೆ ಸದ್ದು ಮಾಡುತ್ತಿತ್ತಂತೆ. ಹಮಾಲರು ಬೈಯುತ್ತಿದ್ದರಂತೆ.

ಇಷ್ಟಾಗಿದ್ದರೆ ಅದು ಬರೀ ಹುಚ್ಚಾಗಿಯೇ ಉಳಿಯುತ್ತಿತ್ತು. ಆದರೆ ಆ ವರ್ಷ ಜಿಲ್ಲೆಯ ಒಂದು ಖಾಸಗಿ ಕಾಲೇಜಿನವರು — ಹೆಸರು ಬೇಡ — ವಿದ್ಯಾರ್ಥಿಗಳಿಗೆ ಮಾಡೆಲ್ ವಿಮಾನ ಕಟ್ಟುವುದನ್ನು ಕಲಿಸಲು ಜನ ಹುಡುಕುತ್ತಿದ್ದರು. ವರ್ಕ್‌ಶಾಪಿನಲ್ಲಿ ಕಾಯಂ ಕೆಲಸ. ಅಲ್ಲಿನ ವರ್ಕ್‌ಶಾಪ್ ಮೇಷ್ಟ್ರು ಗುರುಶಾಂತಯ್ಯನವರು ಇವನ ಎಂಜಿನ್ ಸುದ್ದಿ ಕೇಳಿ ಕರೆಸಿ, ಸರ್ಟಿಫಿಕೇಟ್ ಎಲ್ಲ ನೋಡಿ, ಒಂದೇ ಮಾತು ಹೇಳಿದ್ದರು: ನೀನೇ ಕಟ್ಟಿದ್ದೊಂದನ್ನು ನಮ್ಮ ಮುಂದೆ ಹಾರಿಸಿ ತೋರಿಸು, ಕೆಲಸ ನಿನ್ನದು. ಓಬಳೇಶನಿಗೆ ಮಿಲ್ಲಿನ ಹೊಟ್ಟಿನ ಧೂಳು ಎದೆಗೆ ಇಳಿದು ಕೆಮ್ಮು ಹತ್ತಿತ್ತು. ಅದಕ್ಕೂ ಮಿಗಿಲಾಗಿ — ಅವನು ಅರದ ತುದಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ಮೊದಲ ಸಲ ಯಾರೋ ಓದಿದವರು ಕೆಲಸ ಅಂತ ಕರೆದಿದ್ದರು. ಅಂದು ಅವನು ಮೊಳಕಾಲ್ಮೂರಿಗೆ ಬಂದಾಗ ಬಸ್ಸಿಳಿದು ಓಡಿಕೊಂಡೇ ಬಂದಿದ್ದ.

ಬಂದವನು ಚೀಲದಿಂದ ಮೂರು ಹಾಳೆ ತೆಗೆದು ಹಾಸಿದ. ಹಳೆಯ ಇಂಗ್ಲಿಷ್ ಹವ್ಯಾಸದ ಪತ್ರಿಕೆಗಳಿಂದ ಕಿತ್ತ ಪ್ಲಾನುಗಳು, ಪುಸ್ತಕದ ಪುಟದಷ್ಟೇ ದೊಡ್ಡವು. ಒಂದು ಎರಡಂತಸ್ತಿನ ರೆಕ್ಕೆಯ ಹಳೆಯ ಯುದ್ಧವಿಮಾನ, ನೋಡಲು ಮದುವಣಗಿತ್ತಿಯ ಹಾಗಿತ್ತು. ಇನ್ನೊಂದು ಚೂಪು ಮೂತಿಯ ರೇಸಿನ ವಿಮಾನ. ಮೂರನೆಯದು ಮೇಲುಗಡೆ ಅಗಲ ರೆಕ್ಕೆಯಿದ್ದ, ಮೋಟು ಮೂತಿಯ, ಯಾವ ಅಂದಚಂದವೂ ಇಲ್ಲದ ಒಂದು ಬಡಪಾಯಿ. ನಾನು ಯುದ್ಧವಿಮಾನದ ಮೇಲೆ ಬೆರಳಿಟ್ಟೆ. ಅವನು ನಕ್ಕ.

"ಲೇ ರಂಗಣ್ಣ, ನೀನು ಸೀರೆ ನೋಡೋ ಕಣ್ಣಾಗೆ ನೋಡ್ತಿದೀಯ. ಎಂಜಿನ್ ನೋಡಿ ಪ್ಲಾನ್ ಆರಿಸ್ಬೇಕು, ಪ್ಲಾನ್ ನೋಡಿ ಎಂಜಿನ್ ಅಲ್ಲ. ಇದು ಎರಡೂವರೆ ಸಿ.ಸಿ., ಕತ್ತೆ ಮರಿ. ಇದ್ರ ಮೇಲೆ ಆನೆ ಹೊರೆ ಹೊರಿಸಿದ್ರೆ ಕುಂತುಬಿಡ್ತೈತೆ."

ಆಮೇಲೆ ಮೂರನೆಯ ಹಾಳೆ ಎತ್ತಿ ತೋರಿಸಿದ. "ಇದು ನೋಡು. ರೆಕ್ಕೆ ಅಗಲ ಐತೆ. ಅಗಲ ರೆಕ್ಕೆ ಇದ್ರೆ ನಿಧಾನಕ್ಕೆ ಹೋದ್ರೂ ತಾಳ್ತೈತೆ, ಕೈ ತಪ್ಪಿದ್ರೂ ಮಾಫಿ ಮಾಡ್ತೈತೆ. ಇಂಥಾದ್ದು ಬೇಕು ನಂಗೆ."

ರೆಕ್ಕೆಯ ಅಗಲವೇ ಆ ವಿಮಾನದ ಜೀವ ಅಂತ ಅವನು ನನಗೆ ಬಾಯಿಬಿಟ್ಟು ಹೇಳಿದ್ದ. ನನಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಆ ಪ್ಲಾನನ್ನು ಆರು ಪಟ್ಟು ಹಿಗ್ಗಿಸಬೇಕಿತ್ತು. ಚಳ್ಳಕೆರೆಯ ಜೆರಾಕ್ಸ್ ಅಂಗಡಿಯಲ್ಲಿ ಅಷ್ಟು ದೊಡ್ಡದು ಬರುತ್ತಿರಲಿಲ್ಲ; ತುಂಡು ತುಂಡಾಗಿ ಹಿಗ್ಗಿಸಿ ಅಂಟಿಸಿದರೆ ಗೆರೆ ಕೂಡುತ್ತಿರಲಿಲ್ಲ. "ಬೆಂಕಿಪೊಟ್ಟಣದ ನವಿಲು ಸೆರಗಿಗೆ ಹಾಕೋನು, ನಿಂಗೆ ಇದೇನು ಮಹಾ?" ಅಂದ. ನನಗೂ ಹಾಗೇ ಅನ್ನಿಸಿತು. ಪುಟದ ಮೇಲೆ ಕಾಲು ಇಂಚಿನ ಚೌಕಗಳನ್ನು ಎಳೆದೆ. ಒಂದು ಚೌಕಕ್ಕೆ ನನ್ನ ಗ್ರಾಫಿನಲ್ಲಿ ಅಡ್ಡಕ್ಕೆ ಹನ್ನೆರಡು ಮನೆ, ಕೆಳಕ್ಕೆ ಹನ್ನೆರಡು ಮನೆ. ನಾಲ್ಕು ಹಾಳೆ ಅಂಟಿಸಿ, ನಾಲ್ಕೇ ದಿನದಲ್ಲಿ ರೆಕ್ಕೆ, ಬಾಲ, ಒಡಲು, ರೆಕ್ಕೆಯೊಳಗಿನ ಪಕ್ಕೆಲುಬುಗಳಂಥ ರಿಬ್‌ಗಳು, ಎಲ್ಲ ಬರೆದು ಕೊಟ್ಟೆ. ಅವನು ಟೇಪು ಹಿಡಿದು ರೆಕ್ಕೆಯ ಈ ತುದಿಯಿಂದ ಆ ತುದಿಗೆ ಅಳೆದ. ಸರಿಯಾಗಿತ್ತು. ಒಡಲಿನ ಉದ್ದ ಅಳೆದ, ಅದೂ ಸರಿ. "ಕಂಪನಿ ಡ್ರಾಯಿಂಗ್ ಇದ್ದಂಗೈತೆ ಕಣಲೇ" ಅಂದ. ಹಾಳೆಗಳನ್ನು ಸುರುಳಿ ಸುತ್ತಿ, ಅದರ ಮೇಲೆ ತನ್ನ ಟವೆಲ್ ಸುತ್ತಿ, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದ.

ಈಗ ಆ ತಪ್ಪು ಯಾವುದು ಅಂತ ಹೇಳಬೇಕು.

ನಮ್ಮ ಸೀರೆ ಗ್ರಾಫಿನ ಮನೆಗಳು ಚೌಕವಲ್ಲ. ಒಂದು ಇಂಚಿನಲ್ಲಿ ಅಡ್ಡಕ್ಕೆ ಎಂಟು ಮನೆ, ಕೆಳಮುಖವಾಗಿ ಹತ್ತು ಮನೆ. ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಒಂದೇ ಲೆಕ್ಕದಲ್ಲಿ ಕೂರುವುದಿಲ್ಲ, ಅದಕ್ಕೇ ಕಾಗದವನ್ನು ಹಾಗೆ ಮಾಡಿರುತ್ತಾರೆ. ನಾವು ಮನೆ ಎಣಿಸಿ ಬರೆದರೆ ಸಾಕು, ಹೂವು ಸೊಟ್ಟಗಾಗದ ಹಾಗೆ ಮಗ್ಗ ನೋಡಿಕೊಳ್ಳುತ್ತದೆ. ಸ್ಕೇಲು ಇಡುವ ಅಭ್ಯಾಸವೇ ನಮ್ಮಲ್ಲಿ ಇಲ್ಲ. ಹದಿನೈದನೆಯ ವಯಸ್ಸಿನಿಂದ ಅದೇ ಕಾಗದ ನೋಡಿ ನೋಡಿ ನನ್ನ ಕಣ್ಣಿಗೆ ಆ ಮನೆಗಳೇ ಚೌಕ. ವಿಮಾನವನ್ನೂ ಹಾಗೇ ಎಣಿಸಿ ಬರೆದೆ. ಅಡ್ಡಕ್ಕೆ ಹನ್ನೆರಡು ಮನೆ ಅಂದರೆ ಒಂದೂವರೆ ಇಂಚು, ಸರಿ. ಕೆಳಕ್ಕೆ ಹನ್ನೆರಡು ಮನೆ ಅಂದರೆ ಒಂದು ಇಂಚು ಮತ್ತೆ ಚೂರು, ಅಷ್ಟೇ. ರೆಕ್ಕೆಯನ್ನು ಅಡ್ಡಕ್ಕೆ ಬರೆದಿದ್ದರಿಂದ ಅದರ ಉದ್ದ ಸರಿಯಾಗಿ ಬಂತು. ಅಗಲ ಮಾತ್ರ ಏಳೂವರೆ ಇಂಚು ಬರಬೇಕಾದ್ದು ಆರೇ ಇಂಚಿಗೆ ನಿಂತಿತು. ಬಾಲದ ರೆಕ್ಕೆಯೂ ಹಾಗೇ. ಐದರಲ್ಲಿ ಒಂದು ಪಾಲು ರೆಕ್ಕೆಯನ್ನು ನಾನು ನುಂಗಿಬಿಟ್ಟಿದ್ದೆ, ನನಗೇ ಗೊತ್ತಿಲ್ಲದೆ.

ಇಲ್ಲಿಯವರೆಗೆ ಅದು ಬರೀ ತಪ್ಪು. ಅಭ್ಯಾಸ ಬಲದ ತಪ್ಪು. ಇಲ್ಲಿಗೇ ನಿಂತಿದ್ದರೆ ನಾನು ಇದನ್ನು ನಗುತ್ತ ಹೇಳುತ್ತಿದ್ದೆ, ಓಬಳೇಶನೂ ನಗುತ್ತಿದ್ದ.

ಮೂರು ವಾರ ಬಿಟ್ಟು ಅವನು ಮತ್ತೆ ಬಂದ. ಮಧ್ಯಾಹ್ನದ ಹೊತ್ತು. ನನ್ನೆದುರು ಕೊಂಡಯ್ಯಶೆಟ್ಟರು ಕೂತಿದ್ದರು. ಊರಿನ ಅರ್ಧ ಮಗ್ಗಗಳಿಗೆ ರೇಷ್ಮೆ ಕೊಟ್ಟು ನೇಯಿಸುತ್ತಿದ್ದವರು. ನನ್ನ ಕೆಲಸದಲ್ಲಿ ಮುಕ್ಕಾಲು ಅವರದೇ. ತೆಲುಗು ಕನ್ನಡ ಕಲಸಿ ಮಾತಾಡುವ ಮನುಷ್ಯ. ಅಂದು ಬಂದದ್ದು ಕೆಲಸ ಕೊಡಲು ಅಲ್ಲ, ಸುದ್ದಿ ಹೇಳಲು. ಆಂಧ್ರದ ಕಡೆ ಕಂಪ್ಯೂಟರಿನಲ್ಲಿ ಗ್ರಾಫ್ ತೆಗೆಯುತ್ತಾರಂತೆ.

"ಏಮಯ್ಯಾ ರಂಗಣ್ಣ, ಅದ್ರಾಗೆ ಒಂದು ಎಳೆನೂ ತಪ್ಪಲ್ಲಂತೆ. ಮನುಷ್ಯನ ಕೈ ಅಂದ್ಮೇಲೆ ತಪ್ಪು ಇದ್ದಿದ್ದೇ ಅಂತಾರೆ ಎಲ್ಲ. ನಾನು ಏನಂದೆ ಗೊತ್ತಾ? ನಮ್ಮ ರಂಗಣ್ಣಂದು ತಪ್ಪಲ್ಲ ಅಂದೆ. ಏನಂತೀಯ?"

ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ಆ ಮಾತು ಇನ್ನೂ ಬಾಯಲ್ಲಿರುವಾಗಲೇ ಓಬಳೇಶ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಪೇಪರಿನಲ್ಲಿ ಸುತ್ತಿದ್ದ ರಿಬ್‌ಗಳನ್ನು ಬಿಚ್ಚಿ, ಜೊತೆಗೆ ತಂದಿದ್ದ ನನ್ನ ಡ್ರಾಯಿಂಗ್ ಹಾಸಿ, ಅದರ ರೆಕ್ಕೆಯ ಮೇಲೆ ಒಂದನ್ನು ಇಟ್ಟು ತೋರಿಸಿದ. ರಿಬ್ಬಿನ ಹಿಂದಿನ ತುದಿ ರೆಕ್ಕೆಯ ಗೆರೆ ದಾಟಿ ಒಂದೂವರೆ ಇಂಚು ಆಚೆ ಬಂದಿತ್ತು. ರಿಬ್‌ಗಳನ್ನು ನಾನು ಕಾಗದದ ಮೇಲೆ ಅಡ್ಡಡ್ಡ ಬರೆದಿದ್ದೆ; ಆದ್ದರಿಂದ ಅವುಗಳ ಉದ್ದ ಸರಿಯಾಗಿ ಬಂದಿತ್ತು.

"ಯಾಕೋ ರಿಬ್ಬು ಉದ್ದ ಬರ್ತೈತೆ ರಂಗಣ್ಣ. ಎರಡ್ರಾಗೆ ಒಂದು ತಪ್ಪಿರ್ಬೇಕು. ಯಾವ್ದು ಸರಿ?"

ಆ ರಿಬ್ಬನ್ನು ನೋಡಿದೆ, ಅದರ ಕೆಳಗಿನ ಮನೆಗಳನ್ನು ನೋಡಿದೆ — ತಿಳಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ತಿಳಿಯಿತು. ಎಂಟು, ಹತ್ತು. ತಿಳಿಯಲಿಲ್ಲ, ಗಡಿಬಿಡಿಯಲ್ಲಿ ಏನೋ ಅಂದುಬಿಟ್ಟೆ ಅಂತ ಹೇಳಿಕೊಂಡು ಎಷ್ಟೋ ವರ್ಷ ನನ್ನನ್ನೇ ಸಮಾಧಾನ ಮಾಡಿದ್ದೇನೆ. ಸುಳ್ಳು. ತಿಳಿದೇ ಅಂದೆ.

ಇನ್ನೂ ಏನೂ ಕೆಟ್ಟಿರಲಿಲ್ಲ, ಇದನ್ನು ಗಮನಿಸಿ. ರೆಕ್ಕೆಗೆ ಇನ್ನೂ ಅಂಟು ಹಚ್ಚಿರಲಿಲ್ಲ. ಹಾರಿಸುವ ದಿನಕ್ಕೆ ಇಪ್ಪತ್ತು ದಿನವಿತ್ತು. ನನಗೆ ಮತ್ತೆ ನಾಲ್ಕು ದಿನದ ಕೆಲಸ. "ಅಯ್ಯೋ, ಗ್ರಾಫ್ ಮನೆ ಚೌಕ ಅಲ್ವಲ್ಲೋ, ಮರೆತೇಬಿಟ್ಟೆ" ಅಂತ ತಲೆ ಚಚ್ಚಿಕೊಂಡಿದ್ದರೆ ಮುಗಿದಿತ್ತು. ಆದರೆ ಕೊಂಡಯ್ಯಶೆಟ್ಟರು ಕನ್ನಡಕ ಏರಿಸಿಕೊಂಡು ಆ ಹಾಳೆಯನ್ನೇ ನೋಡುತ್ತಿದ್ದರು. ರಂಗಣ್ಣಂದು ತಪ್ಪಲ್ಲ ಅಂದ ಬಾಯಿ ಇನ್ನೂ ಆರಿರಲಿಲ್ಲ. ಮೊಳಕಾಲ್ಮೂರಿನಲ್ಲಿ ಒಬ್ಬ ಸಾಹುಕಾರನ ಮುಂದೆ ಗ್ರಾಫ್ ತಪ್ಪಿತು ಅಂದರೆ ಸಂಜೆಯೊಳಗೆ ಮಗ್ಗ ಮಗ್ಗಕ್ಕೂ ಗೊತ್ತಾಗುತ್ತದೆ.

ಅಂದೆ: "ರೆಕ್ಕೆ ಡ್ರಾಯಿಂಗೇ ಸರಿ. ಆ ಪತ್ರಿಕೆಯೋರು ರಿಬ್ಬನ್ನ ಬ್ಯಾರೆ ಅಳತೇಲಿ ಹಾಕಿರ್ತಾರೆ. ಹಿಂಬದಿ ಕತ್ತರಿಸು."

ಅವನು ರಿಬ್ಬನ್ನು ತಿರುಗಿಸಿ ತಿರುಗಿಸಿ ನೋಡಿದ. "ಕತ್ತರಿಸಿದ್ರೆ ಹಿಂದೆ ಮೊಂಡಾಗ್ತೈತಲ್ಲ… ಆ ಮೂಲ ಹಾಳೆ ಕೊಡು, ಒಂದ್ಸಲ ಅಳೆದು ಆರರಿಂದ ಗುಣಿಸಿ ನೋಡಾನ."

ಮೂಲ ಹಾಳೆ ನಾನು ಕೂತಿದ್ದ ಚಾಪೆಯ ಕೆಳಗೇ ಇತ್ತು. ಕಾಗದ ಸುರುಳಿ ಸುತ್ತದಿರಲಿ ಅಂತ ನಾವು ಎಲ್ಲ ಹಾಳೆಗಳನ್ನೂ ಅಲ್ಲೇ ಇಡುವುದು. "ಎಲ್ಲಿಟ್ಟೀನೋ, ಹುಡುಕ್ಬೇಕು" ಅಂದೆ. ಮೇಲೇಳಲೂ ಇಲ್ಲ.

"ನೀನು ಸರಿ ಅಂದ್ರೆ ಸರಿ ಬಿಡು" ಅಂದ. ಚಹಾ ಕುಡಿದು, ಶೆಟ್ಟರಿಗೆ ಕೈ ಮುಗಿದು, ನಾಲ್ಕರ ಬಸ್ಸಿಗೆ ಹೋದ. ಮರುದಿನವೇ ಚಳ್ಳಕೆರೆಗೆ ಹೋಗಿ ಹೇಳಿಬಿಡುತ್ತೇನೆ ಅಂದುಕೊಂಡೆ. ಅಲ್ಲಿ ಶೆಟ್ಟರು ಇರುವುದಿಲ್ಲವಲ್ಲ. ಮರುದಿನ ಒಂದು ಅಂಚಿನ ಕೆಲಸ ಬಂತು. ಅದರ ಮರುದಿನ… ಈಗ ಅವನು ಕತ್ತರಿಸಿರುತ್ತಾನೆ, ಈಗ ಅಂಟಿಸಿರುತ್ತಾನೆ, ಈಗ ಕಾಗದ ಹೊದಿಸಿರುತ್ತಾನೆ — ದಿನ ಕಳೆದ ಹಾಗೆ ಹೇಳುವುದು ಕಷ್ಟವಾಗುತ್ತ ಬಂತು. ಹಾರಿದರೂ ಹಾರೀತು, ಯಾರಿಗೆ ಗೊತ್ತು, ಅಂತಲೂ ಅಂದುಕೊಂಡೆ. ಆ ಇಪ್ಪತ್ತು ದಿನವೂ ಚಳ್ಳಕೆರೆಗೆ ಬಸ್ಸುಗಳು ಹೋಗುತ್ತಲೇ ಇದ್ದವು.

ಹಾರಿಸುವ ದಿನ ಅವನು ಹೇಳಿಕಳಿಸಿದ್ದ, ಹೋದೆ. ಚಳ್ಳಕೆರೆಯ ಹೊರಗೆ ಒಂದು ಬಯಲು, ಬೆಳಗಿನ ಎಂಟು ಗಂಟೆ. ಗುರುಶಾಂತಯ್ಯ ಮೇಷ್ಟ್ರು, ಕಾಲೇಜಿನ ಮತ್ತಿಬ್ಬರು, ಮಿಲ್ಲಿನ ಏಳೆಂಟು ಜನ, ದಾರಿಯಲ್ಲಿ ಹೋಗುತ್ತಿದ್ದವರು. ಬೋರಮ್ಮ ಹೊಸ ಸೀರೆ ಉಟ್ಟು ಬಂದಿದ್ದಳು. ವಿಮಾನವನ್ನು ನೋಡಿದೆ. ಆ ಸೊಟ್ಟ ಡ್ರಾಯಿಂಗಿನಿಂದ ಅಷ್ಟು ಚೆನ್ನಾಗಿ ಇನ್ಯಾರೂ ಕಟ್ಟಲಾರರು. ಒಂದು ಕಡೆಯೂ ಅಂಟು ಉಕ್ಕಿರಲಿಲ್ಲ, ಕಾಗದದ ಹೊದಿಕೆ ತಮಟೆಯ ಹಾಗೆ ಬಿಗಿದಿತ್ತು. ಮೊಂಡಾದ ಹಿಂಬದಿಗೆ ತೆಳು ಪಟ್ಟಿ ಕೂರಿಸಿ ಆದಷ್ಟು ನಯ ಮಾಡಿದ್ದ.

ಇಂಥ ವಿಮಾನಕ್ಕೆ ರೇಡಿಯೋ ಇರುವುದಿಲ್ಲ. ಎರಡು ಸಣ್ಣ ತಂತಿ ಕಟ್ಟಿ, ಹಾರಿಸುವವನು ನಡುವೆ ನಿಂತು ಅವುಗಳ ಹಿಡಿ ಹಿಡಿದುಕೊಂಡು ಸುತ್ತುತ್ತಾನೆ. ಗಾಣದೆತ್ತಿನ ಹಾಗೆ ವಿಮಾನ ಅವನ ಸುತ್ತ ಸುತ್ತುತ್ತದೆ. ಹಿಡಿ ಬಾಗಿಸಿದರೆ ಏರುತ್ತದೆ, ಇಳಿಯುತ್ತದೆ. ಎಂಜಿನ್ ಶುರುವಾದ ಮೇಲೆ ಅವನು ನಡುವೆ ಹೋಗಿ ನಿಲ್ಲುವವರೆಗೆ ಇನ್ನೊಬ್ಬ ವಿಮಾನವನ್ನು ಹಿಡಿದಿರಬೇಕು. ಆ ಇನ್ನೊಬ್ಬ ನಾನು. ಅವನೇ ಕೇಳಿದ್ದ, "ನೀನೇ ಹಿಡಿ ರಂಗಣ್ಣ, ನಿನ್ನ ಕೈಯಾಗೆ ಹುಟ್ಟಿದ್ದು" ಅಂತ. ನನ್ನ ಕೈಯಲ್ಲಿ ಅದು ಬಿಡಿಸಿಕೊಳ್ಳಲು ಎಳೆಯುತ್ತಿತ್ತು. ಹೊಗೆ, ಹರಳೆಣ್ಣೆಯ ವಾಸನೆ. ಆ ಕಡೆಯಿಂದ ಅವನು ಕೈ ಎತ್ತಿದ. ಆಗಲೂ ಹೇಳಬಹುದಿತ್ತು. ಬಿಟ್ಟೆ.

ಹಾರಿತು. ಮಿಲ್ಲಿನವರು ಸಿಳ್ಳೆ ಹಾಕಿದರು. ಐದಾರು ಸುತ್ತು ತಲೆ ಮಟ್ಟದಲ್ಲಿ, ಇರಬೇಕಾದ್ದಕ್ಕಿಂತ ಜೋರಾಗಿ ಓಡಿತು. ನನಗೆ ಉಸಿರು ಬಂತು. ಪರವಾಗಿಲ್ಲ, ದೇವರು ದೊಡ್ಡವನು ಅಂದುಕೊಂಡೆ. ಆಗ ಮೇಷ್ಟ್ರು ಕೂಗಿದರು: "ಮೇಲೆ ತಗೊಳ್ರಿ, ಒಂದು ಲಾಗ ಹೊಡಿಸ್ರಿ ನೋಡೋಣ!" ಓಬಳೇಶ ಹಿಡಿ ಎಳೆದ. ಮೂತಿ ಎತ್ತಿತು, ಏರಿತು, ನೆತ್ತಿಯ ಹತ್ತಿರ ಹೋಗಿ ನಿಂತೇಬಿಟ್ಟಿತು. ಅಗಲವಿಲ್ಲದ ರೆಕ್ಕೆ ಅದರ ಭಾರ ತಾಳಲಿಲ್ಲ. ತಂತಿ ಸಡಿಲವಾಯಿತು. ಓಬಳೇಶ ಹಿಂದಕ್ಕೆ ಓಡಿ ಓಡಿ ತಂತಿ ಬಿಗಿ ಮಾಡಲು ನೋಡಿದ. ಅಷ್ಟರಲ್ಲಿ ಅದು ಮೂತಿ ಕೆಳಗಾಗಿ ನೆಲಕ್ಕೆ ಬಿತ್ತು. ಎಂಜಿನ್ನಿನ ಮುಂಭಾಗ ಒಡೆದೇ ಹೋಯಿತು.

ಯಾರೂ ನಗಲಿಲ್ಲ. ಮೇಷ್ಟ್ರು ಹತ್ತಿರ ಬಂದು, ಒಳ್ಳೆಯ ಮಾತಿನಲ್ಲೇ ಕೇಳಿದರು: "ಏನಾಯ್ತು ಓಬಳೇಶ?"

ಅವನು ಮುರಿದ ರೆಕ್ಕೆಯ ತುಂಡೊಂದನ್ನು ಕೈಯಲ್ಲಿ ಹಿಡಿದು ಅದರ ಅಗಲವನ್ನೇ ನೋಡುತ್ತಿದ್ದ. "ಗೊತ್ತಾಗ್ತಿಲ್ರಿ ಸಾರ್. ರೆಕ್ಕೆ ಗಾಳಿ ಹಿಡಿತಾನೇ ಇಲ್ಲ. ಡ್ರಾಯಿಂಗ್ ಒಂದ್ಸಲ ನೋಡ್ಬೇಕೇನೋ…" ಅಂತ ನನ್ನ ಕಡೆ ತಿರುಗಿದ. ತಪ್ಪು ಹೊರಿಸುವ ನೋಟವಲ್ಲ ಅದು. ಕೇಳುವ ನೋಟ. ಎಲ್ಲರೂ ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಕಳ್ಳ ಅನ್ನುವುದಕ್ಕೂ ಮುಂಚೆ ನಾನು ಬಾಯಿ ತೆರೆದೆ.

"ಡ್ರಾಯಿಂಗ್ ಸರಿ ಐತ್ರಿ ಸಾರ್. ನಮ್ಮಪ್ಪನ ಕಾಲದಿಂದ ಇದೇ ಕೆಲ್ಸ ನಮ್ದು. ಕಟ್ಟೋದ್ರಾಗೆ ಏನೋ ಕೈ ತಪ್ಪೈತೆ."

ಕಾಲೇಜಿನ ಇನ್ನೊಬ್ಬರು ಸಣ್ಣಗೆ ನಕ್ಕು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು. ನೆಲ ನಿಜವಾಗಿಯೂ ಡೊಂಕಾಗಿತ್ತು. ಡೊಂಕು ಮಾಡಿದವನು ಅಲ್ಲೇ ನಿಂತು ಆ ಮಾತಿಗೆ ತಲೆಯಾಡಿಸುತ್ತಿದ್ದ. ಓಬಳೇಶ ನನ್ನ ಮುಖ ಒಂದು ಗಳಿಗೆ ನೋಡಿದ. ಆಮೇಲೆ ಹೇಳಿದ: "ಹೌದ್ರಿ ಸಾರ್. ನಂದೇ ತಪ್ಪಿರ್ಬೇಕು. ಅವನ ಡ್ರಾಯಿಂಗ್ ತಪ್ಪಲ್ಲ." ತನ್ನ ಕೈಯನ್ನು ಬಿಟ್ಟು ನನ್ನ ಮಾತನ್ನು ನಂಬಿದ. ನನ್ನ ಮೇಲೆ ಹಾಗೆ ನಂಬಿಕೆ ಇಟ್ಟವರು ಆಮೇಲೆ ಯಾರೂ ಸಿಕ್ಕಿಲ್ಲ.

ಬೋರಮ್ಮ ಬಂದು ಅವನ ತೋಳು ಹಿಡಿದುಕೊಂಡಳು. "ಬಿಡಪ್ಪ. ನಮ್ಮ ಕೈಲಿ ಆಗೋ ಕೆಲ್ಸ ನಾವು ನೋಡ್ಕೊಳಾನ" ಅಂದಳು. ಅವಳಿಗೆ ಸಿಟ್ಟಿರಲಿಲ್ಲ. ಮಗನಿಗೆ ಆಗಲಿಲ್ಲ ಅಂತ ತಿಳಿದುಕೊಂಡು ಸಮಾಧಾನ ಮಾಡಿದಳು, ಅಷ್ಟೇ.

ಕೆಲಸ ಬೇರೆ ಯಾರಿಗೋ ಹೋಯಿತು. ಓಬಳೇಶ ಮಿಲ್ಲಿನಲ್ಲೇ ಉಳಿದ. ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರಿನ ಬೋಲ್ಟು ಬಿಗಿಯುವುದು, ಬೆಲ್ಟು ಹಾಕುವುದು — ಒರಟು ಕೆಲಸ ಮಾಡಿಕೊಂಡಿದ್ದ. ಸೂಕ್ಷ್ಮ ಕೆಲಸ ಬಂದರೆ "ನನ್ನ ಕೈಗೆ ಆಗಲ್ಲ, ಬ್ಯಾರೆಯೋರನ್ನ ಕರೀರಿ" ಅನ್ನುತ್ತಿದ್ದನಂತೆ. ನಮ್ಮ ಪಕ್ಕದ ಮನೆಯ ಮಗ್ಗ ಮತ್ತೆ ಕೆಟ್ಟಾಗ ಹೇಳಿಕಳಿಸಿದರು, ಬರಲಿಲ್ಲ. ಒಡೆದ ಎಂಜಿನ್ನನ್ನು ಯಾರಿಗೋ ಕೊಟ್ಟುಬಿಟ್ಟ. ನಮ್ಮ ಗೆಳೆತನಕ್ಕೆ ಏನೂ ಆಗಲಿಲ್ಲ, ಅದೇ ನನಗೆ ಸಹಿಸಲಾಗುತ್ತಿರಲಿಲ್ಲ. ಮದುವೆಗೆ ಕರೆದ, ಮಗಳು ಹುಟ್ಟಿದಾಗ ಸಿಹಿ ತಂದ. ಯಾರಾದರೂ ಡ್ರಾಯಿಂಗ್ ಅಂದರೆ ಮೊಳಕಾಲ್ಮೂರಿನ ರಂಗಣ್ಣನ ಹತ್ರ ಹೋಗ್ರಿ ಅಂತ ಕಳಿಸುತ್ತಿದ್ದ. ನಾನು ಅವರಿಗೆ ಬರೆದು ಕೊಡುತ್ತಿದ್ದೆ.

ನಾನು ಉಳಿಸಿಕೊಂಡದ್ದಾದರೂ ಏನು? ಮೂರು ವರ್ಷದಲ್ಲಿ ಕೊಂಡಯ್ಯಶೆಟ್ಟರೇ ಆಂಧ್ರದಿಂದ ಕಂಪ್ಯೂಟರ್ ಗ್ರಾಫ್ ತರಿಸಿದರು. "ಏನ್ಮಾಡೋದಯ್ಯಾ, ಕಾಲ" ಅಂದರು. ತಪ್ಪು ಮಾಡುವ ಕೈಗೂ ಮಾಡದ ಕೈಗೂ ಒಟ್ಟಿಗೇ ಕೆಲಸ ಹೋಯಿತು. ಆಮೇಲೆ ಸೀರೆಯ ಫಾಲ್ಸ್, ದಾರ, ಗುಂಡಿ ಮಾರುವ ಅಂಗಡಿ ಇಟ್ಟೆ, ಈಗಲೂ ಅದೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನಗೆ ಬುದ್ಧಿ ಕೆಡುವ ಮುಂಚೆಯೇ ಇತ್ತು. ಗಾದೆಯ ರಿಯಾಯಿತಿಯೂ ನನಗೆ ಸಲ್ಲುವುದಿಲ್ಲ.

ಹೋದ ತಿಂಗಳು ಚಳ್ಳಕೆರೆಗೆ ಹೋಗಿ ಅವನಿಗೆ ಹೇಳಿದೆ. ಯಾಕೆ ಈಗ? ಮೈಯಲ್ಲಿ ಹುಷಾರಿರಲಿಲ್ಲ, ಹೇಳದೆ ಹೋಗಿಬಿಟ್ಟರೆ ಅನ್ನುವ ಭಯ ಬಂತು. ಅಂದರೆ ಅದೂ ನನಗೋಸ್ಕರವೇ, ಅವನಿಗೋಸ್ಕರ ಅಲ್ಲ. ಅವನ ಮನೆಯ ಜಗುಲಿಯಲ್ಲಿ ಕೂತು, ಒಂದು ಇಂಚಿಗೆ ಎಂಟು ಮನೆ, ಹತ್ತು ಮನೆ ಅನ್ನುವುದರಿಂದ ಹಿಡಿದು ಚಾಪೆಯ ಕೆಳಗಿನ ಹಾಳೆಯವರೆಗೆ ಎಲ್ಲ ಹೇಳಿದೆ. ಅವನು ಒಂದೇ ಕೇಳಿದ.

"ಹಂಗಾದ್ರೆ ನನ್ನ ಕೈ ತಪ್ಪಿರ್ಲಿಲ್ಲ?"

"ಇಲ್ಲ ಕಣೋ."

"ಎಲ್ಲೂ?"

"ಎಲ್ಲೂ ಇಲ್ಲ."

ಅವನು ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ನಾನು ಹಗುರಾಗಿ ಮನೆಗೆ ಬರುತ್ತಿದ್ದೆನೇನೋ. ಅವನು ಎದ್ದು ಒಳಗೆ ಹೋಗಿ ನೀರು ಕುಡಿದು ಬಂದ. ಕಣ್ಣು ಕೆಂಪಗಿತ್ತು. "ಅವ್ವ ಹೋಗಿ ಒಂಬತ್ತು ವರ್ಷ ಆತು" ಅಂದ.

ಹೊರಡುವಾಗ ಕೈ ಮುಗಿದೆ, ಕ್ಷಮಿಸು ಅಂದೆ. ಅವನು ನನ್ನ ಕೈ ಇಳಿಸಿದ.

"ನಂಗೆ ಒಬ್ಬಂಗೇ ಹೇಳಿದ್ರೆ ಏನ್ ಬಂತು ರಂಗಣ್ಣ? ಅವತ್ತು ನೀನು ಎಲ್ರ ಮುಂದೆ ಹೇಳ್ದೆ. ಇದನ್ನೂ ಎಲ್ರ ಮುಂದೆ ಹೇಳು. ಕ್ಷಮಿಸೋದು ಆಮೇಲೆ ನೋಡಾನ."

ಅವನು ಕೇಳಿದ್ದು ನ್ಯಾಯವಾಗಿದೆ. ಅಂದು ಬಯಲಿನಲ್ಲಿದ್ದವರನ್ನೆಲ್ಲ ನಾನು ಎಲ್ಲಿಂದ ಕೂಡಿಸಲಿ? ಕೆಲವರು ತೀರಿಕೊಂಡರು, ಕೆಲವರ ಹೆಸರೇ ನನಗೆ ಗೊತ್ತಿಲ್ಲ. ಅದಕ್ಕೇ ಬರೆದೆ. ಅಲ್ಲಿದ್ದವರು ಯಾರಾದರೂ ಓದಿದರೆ ಇಷ್ಟು ತಿಳಿದುಕೊಳ್ಳಲಿ, ಅಲ್ಲಿದ್ದವರನ್ನು ಬಲ್ಲವರು ಓದಿದರೆ ಅವರಿಗೆ ಇಷ್ಟು ತಿಳಿಸಿ: ಓಬಳೇಶನ ಕೈ ತಪ್ಪಿರಲಿಲ್ಲ. ಹಿಂಬದಿ ಕತ್ತರಿಸು ಅಂದವನು ನಾನು. ನಾನು ಹೇಳಿದೆ ಅಂತ ಅವನು ಕತ್ತರಿಸಿದ.